ಮೊದಲ ವಿಳಾಸ ಹೇಳುವವರು ಯಾರು?

ಕಂಪ್ಯೂಟರ್‌ಗಳು ಒಂದಕ್ಕೊಂದು ನೇರವಾಗಿ ಮಾತಾಡುವ ಜಾಲಗಳ ಬಗೆಗಿನ ನಿಮ್ಮ ಲೇಖನದಲ್ಲಿ "ಪೀರ್-ಟು-ಪೀರ್‌ಗೆ ಸರ್ವರ್‌ನ ಹಂಗೇ ಇಲ್ಲ" ಎಂದು ಬರೆದಿದ್ದೀರಿ. ಈ ಒಂದು ಮಾತು ಒಪ್ಪೋಕಾಗಲಿಲ್ಲ. ಫೈಲ್ ಹಂಚುವ ಬಿಟ್‌ಟೊರೆಂಟ್‌ನ ಡಿಎಚ್‌ಟಿ (ವಿಳಾಸಗಳ ಪಟ್ಟಿಯನ್ನು ಬಳಕೆದಾರರ ಕಂಪ್ಯೂಟರ್‌ಗಳೇ ಹಂಚಿಕೊಂಡು ಇಟ್ಟುಕೊಳ್ಳುವ ವ್ಯವಸ್ಥೆ) ಟ್ರ್ಯಾಕರ್ ಎಂಬ ವಿಳಾಸ ಹೇಳುವ ಸರ್ವರ್ ಇಲ್ಲದೆಯೂ ಪೀರ್‌ಗಳನ್ನು, ಅಂದರೆ ಜಾಲದ ಇತರ ಕಂಪ್ಯೂಟರ್‌ಗಳನ್ನು, ಹುಡುಕುತ್ತದೆ, ನಿಜ. ಆದರೆ ಈಗಷ್ಟೇ ಇನ್‌ಸ್ಟಾಲ್ ಆದ ಪ್ರೋಗ್ರಾಂಗೆ ಮೊದಲ ಪೀರ್ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಸಾಮಾನ್ಯವಾಗಿ ಒಂದೆರಡು ಬೂಟ್‌ಸ್ಟ್ರ್ಯಾಪ್ (ಮೊದಲು ಸಂಪರ್ಕಿಸಬೇಕಾದ ಸರ್ವರ್‌ಗಳ) ವಿಳಾಸಗಳನ್ನು ಅದರೊಳಗೇ ಬರೆದಿಟ್ಟಿರುತ್ತಾರೆ.

ಅದು ಹೋಗಲಿ, ನಿಜವಾದ ತಲೆನೋವು ನ್ಯಾಟ್, ಅಂದರೆ ಹಲವು ಸಾಧನಗಳನ್ನು ಒಂದೇ ಹೊರವಿಳಾಸದ ಹಿಂದೆ ಅಡಗಿಸುವ ವ್ಯವಸ್ಥೆ. ಗೆಳೆಯನಿಗೆ ಫೈಲ್ ಕಳಿಸಲು ನಾನೊಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಮನೆಯ ವೈಫೈನಲ್ಲಿ ಸಲೀಸಾಗಿ ಓಡಿತು. ಇಬ್ಬರೂ ಮೊಬೈಲ್ ಡೇಟಾಗೆ ಹೋದ ಕೂಡಲೇ ಠುಸ್! ನಾವು ಸಂಪರ್ಕಿಸುವ ಪ್ರತಿ ಹೊಸ ವಿಳಾಸಕ್ಕೂ ನ್ಯಾಟ್ ಬೇರೆ ಬೇರೆ ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) ಕೊಡುತ್ತಿದ್ದರೆ, ನಮ್ಮ ಹೊರವಿಳಾಸ ತಿಳಿಸುವ ಸ್ಟನ್ ಸರ್ವರ್ ಹೇಳಿದ ಪೋರ್ಟ್ ಉಪಯೋಗಕ್ಕೆ ಬರುವುದಿಲ್ಲ; ಎರಡೂ ಕಡೆಯಿಂದ ನ್ಯಾಟ್ ದಾಟಿ ನೇರ ದಾರಿ ಮಾಡಿಕೊಳ್ಳುವ ಹೋಲ್ ಪಂಚಿಂಗ್ ಸೋಲುತ್ತದೆ. ಎರಡು ವಾರ ಒದ್ದಾಡಿ ಕೊನೆಗೆ ನಡುವೆ ನಿಂತು ಡೇಟಾ ದಾಟಿಸುವ ಟರ್ನ್ ರಿಲೇ ಹಾಕಿದೆ. ಅದೂ ಸರ್ವರ್ರೇ ಅಲ್ವಾ? ತಿಂಗಳ ಬಾಡಿಗೆ ನಾನೇ ಕಟ್ಟುತ್ತಿದ್ದೇನೆ.

ಲೇಖನದಲ್ಲಿ ನೀವು ಕೊಟ್ಟ ಸ್ಕೈಪ್ (ಇಂಟರ್ನೆಟ್ ಕರೆ ಸೇವೆ) ಉದಾಹರಣೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಅದು ಬಳಕೆದಾರರ ಕಂಪ್ಯೂಟರ್‌ಗಳನ್ನೇ ಸೂಪರ್‌ನೋಡ್ (ಇತರರನ್ನು ಹುಡುಕಿಕೊಡುವ ಕೊಂಡಿ) ಮಾಡಿಕೊಂಡಿತ್ತು. 2010ರ ಡಿಸೆಂಬರ್‌ನಲ್ಲಿ ವಿಂಡೋಸ್ ಆವೃತ್ತಿಯ ಒಂದು ಬಗ್‌ನಿಂದ ಅವು ಸಾಲಾಗಿ ಬಿದ್ದು ಜಾಲವೇ ಮಲಗಿತು. 2012ರ ಹೊತ್ತಿಗೆ ಮೈಕ್ರೋಸಾಫ್ಟ್ ಸೂಪರ್‌ನೋಡ್‌ಗಳನ್ನು ತನ್ನದೇ ಡೇಟಾ ಸೆಂಟರ್‌ಗಳಿಗೆ ಸಾಗಿಸಿತು.

ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುವ ಐಪಿವಿ6 ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಮೇಲಿನ ಕಾಮೆಂಟ್‌ನಲ್ಲಿ ಯಾರೋ ಬರೆದಿದ್ದಾರೆ. ಸ್ವಾಮಿ, ಒಮ್ಮೆ ನಿಮ್ಮ ರೂಟರ್‌ನ ಫೈರ್‌ವಾಲ್ ಸೆಟ್ಟಿಂಗ್ ತೆರೆದು ನೋಡಿ. ಹೊರಗಿನಿಂದ ಬರುವ ಕನೆಕ್ಷನ್ ಬಹುಪಾಲು ಅಲ್ಲೂ ಬಂದ್ ಇರುತ್ತದೆ.