ಕವಲುತೋಕೆಯ ಕೃಪೆ

ಇವತ್ತೂ ಸ್ಕೂಟರಿನ ಸೀಟು ಒರೆಸಿಯೇ ಹೊರಟೆ. ಮೇಲೆ ವಿದ್ಯುತ್ ತಂತಿಯಲ್ಲಿ ಕವಲುತೋಕೆಗಳ ಸಾಲು, ಕೆಳಗೆ ನನ್ನ ಸೀಟಿನಲ್ಲಿ ಅವುಗಳ ಹಾಜರಿ. 20 ಗ್ರಾಂ ಆಸುಪಾಸು ತೂಗುವ ಹಕ್ಕಿ ಇಷ್ಟೊಂದು ಸುಣ್ಣವನ್ನು ಎಲ್ಲಿಂದ ತರುತ್ತದೆಯೋ! ಹಾರುತ್ತಲೇ ಹುಳಹುಪ್ಪಟೆ ನುಂಗುವ ಉಪಕಾರಿ ಎಂದು ಪುಸ್ತಕಗಳು ಹೊಗಳುತ್ತವೆ. ನುಂಗಿದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಬರೆಯುವುದಿಲ್ಲ.

ಅಮೆರಿಕದಲ್ಲಿರುವ ಬಾಲ್ಯದ ಗೆಳೆಯನ ಹತ್ತಿರ ಇದನ್ನು ಹೇಳಿಕೊಂಡದ್ದೇ ತಪ್ಪಾಯಿತು. ಅವನ ಮಾತೆಲ್ಲ ಶುರುವಾಗುವುದು "ನಮ್ಮ ಕಡೆ" ಎಂದು. ನನಗೆ ನೆಗಡಿಯಾದರೆ ಅವನ ಕಡೆ ನ್ಯುಮೋನಿಯಾ. ನನ್ನ ಕವಲುತೋಕೆ ಅವನ ಇಂಗ್ಲಿಷಿನಲ್ಲಿ ಸ್ವಾಲೋ. "ನಮ್ಮ ಕಡೆಯ ಸ್ವಾಲೋ ನೋಡು, ಸೇತುವೆಯ ಕೆಳಗೆ ಹೂಜಿಯಂಥ ಮಣ್ಣಿನ ಗೂಡು, ನೂರಾರು ಒಟ್ಟಿಗೆ!" ಎಂದು ಬೇಸಿಗೆಯಲ್ಲಿ ತೆಗೆದ ಚಿತ್ರ ಕಳಿಸಿದ. ಹಣೆಯಲ್ಲಿ ಬಿಳಿ ಮಚ್ಚೆ, ಕತ್ತರಿಸಿಟ್ಟಂಥ ಮೊಂಡು ಬಾಲ. ಕ್ಲಿಫ್ ಸ್ವಾಲೋ.

"ಬಾಲವೇ ಇಲ್ಲವಲ್ಲೋ! ನಮ್ಮದಕ್ಕೆ ಉದ್ದನೆಯ ಕವಲು ಬಾಲ, ಇಟ್ಟಿಗೆಗೆಂಪು ಗಂಟಲು, ಎದೆಗೊಂದು ಕಡುನೀಲಿ ಪಟ್ಟಿ."

"ಹಾಗಾದರೆ ತೋರಿಸು."

ವಿಡಿಯೋ ಕರೆ ಮಾಡಿ, ಮೊಬೈಲನ್ನು ಆರತಿಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಹಕ್ಕಿ ಬಾಲ ಅಗಲಿಸಿತು. ಆಹಾ, ಕವಲು ಕಾಣಿಸಿತು ಎಂದುಕೊಳ್ಳುವಷ್ಟರಲ್ಲಿ ಪಚಕ್! ನೇರ ಕ್ಯಾಮೆರಾದ ಕಣ್ಣಿಗೆ. ಆ ಕಡೆ ಒಂದು ಗಳಿಗೆ ಮೌನ.

"ಏನೋ ಅದು, ಪರದೆಯೆಲ್ಲ ಬೆಳ್ಳಗಾಯಿತು! ಅಲ್ಲಿ ಹಿಮ ಬೀಳುತ್ತಿದೆಯೇ?"

"ಹೌದು" ಎಂದೆ. ತಡೆದು ತಡೆದು ಹೇಳಿದ: "ನಮ್ಮ ಕಡೆ ಇನ್ನೂ ಬಿದ್ದಿಲ್ಲ."

ಜೀವಮಾನದಲ್ಲಿ ಅವನು ಸೋತದ್ದು ಅದೊಂದೇ ಸಲ.

ರಾತ್ರಿ ಅವನ ಹಕ್ಕಿಯ ಬಗ್ಗೆ ಹುಡುಕಿ ಓದಿದೆ. ಅದರ ಹೆಣ್ಣು ನೆರೆಯವರ ಗೂಡಿನಲ್ಲಿ ಕದ್ದು ಮೊಟ್ಟೆ ಇಡುವುದುಂಟು. ಒಮ್ಮೊಮ್ಮೆ ತನ್ನ ಗೂಡಿನ ಮೊಟ್ಟೆಯನ್ನೇ ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ಪಕ್ಕದ ಗೂಡಿಗೆ ದಾಟಿಸುತ್ತದೆ. ಆಶ್ಚರ್ಯವೇನೂ ಆಗಲಿಲ್ಲ. "ಎರಡೇ ತಿಂಗಳು" ಎಂದು ಇವನು ಬಿಟ್ಟುಹೋದ ಟ್ರಂಕುಗಳೆರಡು ಹನ್ನೊಂದು ವರ್ಷದಿಂದ ನಮ್ಮ ಅಟ್ಟದಲ್ಲಿ ಕಾವು ಪಡೆಯುತ್ತಿವೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು, ಮುಂದೆಯೂ ಓದಿದೆ. ನಾನು "ನಮ್ಮದು" ಎಂದು ಎದೆಯುಬ್ಬಿಸಿದ ಕವಲುತೋಕೆ ಅವನ ದೇಶದ ಕೊಟ್ಟಿಗೆಗಳಲ್ಲೂ ಗೂಡು ಕಟ್ಟುತ್ತದೆ! ನನ್ನ ತಂತಿಗೆ ಬರುವವು ಹಿಮಾಲಯದಿಂದ, ಅದಕ್ಕೂ ಉತ್ತರದಿಂದ, ಚಳಿ ಕಳೆಯುವಷ್ಟು ದಿನ ಮಾತ್ರ. ಅವನ ಮೊಂಡುಬಾಲಗಳೂ ಈಗ ದಕ್ಷಿಣ ಅಮೆರಿಕ ಸೇರಿರುತ್ತವೆ. ಇದ್ಯಾವುದನ್ನೂ ಅವನಿಗೆ ಹೇಳಿಲ್ಲ.

ಕಳೆದ ಮೇ ತಿಂಗಳಲ್ಲಿ ಅಭ್ಯಾಸಬಲದಿಂದ ಬಟ್ಟೆ ಹಿಡಿದು ಹೊರಬಂದೆ. ಸೀಟು ಥಳಥಳ, ತಂತಿ ಖಾಲಿ. ಸುಮ್ಮನೆ ಒಂದು ಸಲ ಒರೆಸಿ ಹೊರಟೆ.

ಮುಂದಿನ ಚಳಿಗಾಲಕ್ಕೆ ಬಂದು ಟ್ರಂಕು ಒಯ್ಯುತ್ತಾನಂತೆ. ಓಡಾಡಲು ನನ್ನ ಸ್ಕೂಟರನ್ನೇ ಕೊಡುತ್ತೇನೆ. ನಿಲ್ಲಿಸುವ ಜಾಗವನ್ನೂ ತೋರಿಸುತ್ತೇನೆ.