ದೋಣಿಯಲ್ಲೇ ಉಳಿದ ಜೆಬೆದಾಯ

ಯೇಸುವಿನ ಮೊದಲ ಶಿಷ್ಯರು ಮೀನುಗಾರರು; ಗುರುತು ಪರಿಚಯ ಇಲ್ಲದ ಯೇಸು ಕರೆದ ಕೂಡಲೇ ಅವರು ಬಲೆ ಬಿಟ್ಟು ಹೊರಟರು ಅಂತ ಕೆಲವರು ಹೇಳುತ್ತಾರೆ. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆ ಓದಿದರೆ ಹಾಗೇ ಅನಿಸುತ್ತದೆ, ನಿಜ. ಆದರೆ ಯೋಹಾನನ ಸುವಾರ್ತೆಯ 1ನೇ ಅಧ್ಯಾಯವನ್ನೂ ನೋಡಿ. ಆ ಮೊದಲ ಶಿಷ್ಯರಲ್ಲಿ ಒಬ್ಬನಾದ ಅಂದ್ರೆಯ ಅದಕ್ಕೂ ಮೊದಲು ಸ್ನಾನಿಕನಾದ ಯೋಹಾನನ (ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಬೋಧಕ) ಶಿಷ್ಯ. ಯೇಸು ಇಳಿದುಕೊಂಡಿದ್ದ ಕಡೆಗೆ ಹೋಗಿ, ಆ ದಿನ ಅಲ್ಲೇ ಇದ್ದು, ಆಮೇಲೆ ಅಣ್ಣ ಸೀಮೋನನನ್ನು (ಪೇತ್ರ) ಕರೆತಂದ. ಅಂದರೆ ಪರಿಚಯ ಮೊದಲೇ ಇತ್ತು ಅಲ್ವಾ?

ನನಗೆ ಜಾಸ್ತಿ ಕಾಡುವವನು ಇನ್ನಿಬ್ಬರು ಶಿಷ್ಯರ ಅಪ್ಪ, ಮೀನುಗಾರ ಜೆಬೆದಾಯ. ಮಕ್ಕಳಾದ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಯೇಸುವಿನ ಕರೆ ಬಂತು, ಎದ್ದು ಹೋದರು. ಅಪ್ಪ ಕೂಲಿಯಾಳುಗಳ ಜೊತೆ ಅಲ್ಲೇ ಉಳಿದ. ಆಳು ಇಟ್ಟುಕೊಂಡಿದ್ದರು ಅಂದಮೇಲೆ ತೀರಾ ಬಡವರೇನೂ ಅಲ್ಲ ಬಿಡಿ. 1986ರಲ್ಲಿ ಬರ ಬಂದು, ಅವರು ಮೀನು ಹಿಡಿಯುತ್ತಿದ್ದ ಗಲಿಲಾಯ ಸರೋವರದ (ಈಗಿನ ಇಸ್ರೇಲಿನಲ್ಲಿದೆ) ನೀರು ಇಳಿದಾಗ ಕೆಸರಲ್ಲಿ ಹೆಚ್ಚುಕಡಿಮೆ ಆ ಕಾಲದ್ದೇ ಒಂದು ಮರದ ದೋಣಿ ಸಿಕ್ಕಿತು. ಸುಮಾರು 8 ಮೀಟರ್ ಉದ್ದ. ಸಿಕ್ಕ ಸಿಕ್ಕ ಮರದ ತುಂಡು ಸೇರಿಸಿ ಮತ್ತೆ ಮತ್ತೆ ತೇಪೆ ಹಾಕಿದ್ದು. ಅಂಥ ದೋಣಿ ಸುಮ್ನೆ ಬಿಟ್ಟು ಹೋಗುವ ವಸ್ತುವಾ?

ಮುಂದೆ ಆ ಮಕ್ಕಳ ತಾಯಿ ಯೇಸುವಿನ ಹತ್ತಿರ ಬಂದು, ಆತನ ರಾಜ್ಯದಲ್ಲಿ ಮಕ್ಕಳಿಗೆ ಆತನ ಎಡಬಲದ ಜಾಗ ಕೇಳುತ್ತಾಳೆ. ಜೆಬೆದಾಯನ ಬಾಯಿಂದ ಮಾತ್ರ ನಾಲ್ಕೂ ಸುವಾರ್ತೆಗಳಲ್ಲಿ ಒಂದು ಮಾತೂ ಇಲ್ಲ.