ಹಂಚು ಸೋರಿದ್ದಕ್ಕೆ ಹತ್ತು ಗೋಪುರ

ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ. ಅಟ್ಟದ ಮೂಲೆ, ಅಡಿಕೆ ಚೀಲಗಳ ಪಕ್ಕ. ಸಾಗರದ ಹತ್ತಿರದ ಹಳ್ಳಿಮನೆ, ಅಷ್ಟು ಸಿಕ್ಕಿದ್ದೇ ಪುಣ್ಯ. ಆ ಮೂಲೆಯಲ್ಲಿ ಮೇಜು ಹಾಕಿಕೊಂಡು ಅಣ್ಣನ ಮಗ ನ್ಯೂಯಾರ್ಕಿನ ಕಂಪನಿಯೊಂದಕ್ಕೆ ದುಡಿಯುತ್ತಾನೆ. ನಾವು ಊಟ ಮುಗಿಸಿ ಹಾಸಿಗೆ ಬಿಡಿಸುವಾಗ ಅವನಿಗೆ ಆಫೀಸು ಶುರು. ಕಂಪನಿಗೆ ಅಲ್ಲಿ ದೊಡ್ಡ ಕಟ್ಟಡದಲ್ಲಿ ಎರಡು ಮಹಡಿ ಇದೆಯಂತೆ. ಇವನು ನೋಡಿಲ್ಲ. ಇವನ ಮ್ಯಾನೇಜರ್ ನೋಡಿದ್ದಾನೆ, ಆದರೆ ಈಚೆಗೆ ಅವನೂ ಜಾಸ್ತಿ ನೋಡಿಲ್ಲ.

ಕಳೆದ ವಾರ ಆ ಮೂಲೆ ಸೋರಿತು. ಮಂಗ ಹಾರಿ ಒಂದು ಹಂಚು ಒಡೆದಿತ್ತು. ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರದಲ್ಲಿ ಟಪ್ ಟಪ್ ಅಂತ ನೀರು. ದೊಡ್ಡಪ್ಪ ಏಣಿ ತರಿಸಿದರು. ಕೊಟ್ಟಿಗೆ ಹಿಂದೆ ಜೋಡಿಸಿಟ್ಟಿದ್ದ ಹಳೇ ಹಂಚಿನಲ್ಲಿ ಒಂದನ್ನು ಆರಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿ, ಮೇಲೆ ಕಳಿಸಿದರು. ಒಡೆದದ್ದು ಇಳಿಯಿತು, ಇದು ಹತ್ತಿತು. ಅರ್ಧ ಗಂಟೆ ಕೆಲಸ. ಖರ್ಚು ಅಂದರೆ ಏಣಿ ಹತ್ತಿದವನಿಗೆ ಒಂದು ಲೋಟ ಕಾಫಿ, ಒಂದು ಎಲೆ ಅಡಿಕೆ ಕವಳ.

ಬಕೆಟ್ ಹಿಡಿದು ನಿಂತಿದ್ದ ಹುಡುಗ ಆಗ ಬಾಯಿ ಬಿಟ್ಟ. "ಅಜ್ಜ, ನ್ಯೂಯಾರ್ಕಿನ ದೊಡ್ಡ ಸ್ಟೇಷನ್ನೂ ಸೋರುತ್ತೆ. ಅದರ ರಿಪೇರಿಗೆ ಅಂತ ಸುತ್ತ ಹತ್ತು ಗೋಪುರ ಕಟ್ಟೋ ಪ್ಲಾನ್ ಮಾಡಿದ್ರು."

"ಸೋರೋದು ಎಲ್ಲಿ?"

"ನೆಲದ ಕೆಳಗೆ. ಸ್ಟೇಷನ್ ಇರೋದೇ ಅಲ್ಲಿ."

"ಕಟ್ಟೋದು?"

"ಆಕಾಶಕ್ಕೆ."

ದೊಡ್ಡಪ್ಪ ಎದ್ದು ಹೋಗಿ ಕವಳ ಉಗಿದು ಬಂದರು. ಆಗಷ್ಟೇ ಹಾಕಿದ ಕವಳ ಅದು. ಅಂಥದ್ದನ್ನು ಅವರು ಉಗಿಯುವುದು ಮನೆಯಲ್ಲಿ ಪಾಲು ಪಟ್ಟಿಯ ಮಾತು ಬಂದಾಗ ಮಾತ್ರ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವರು. ಕಥೆ ಹೇಳಿದರೆ ಜಮಾ ಎಷ್ಟು, ಖರ್ಚು ಎಷ್ಟು ಅಂತ ಕೇಳುವ ಜನ.

ಹುಡುಗ ಕಥೆ ಹೇಳಿದ. ನ್ಯೂಯಾರ್ಕಿನ ಪೆನ್ ಸ್ಟೇಷನ್ 1910ರಲ್ಲಿ ಶುರುವಾದಾಗ ಅರಮನೆ ಹಾಗಿತ್ತು. ಗುಲಾಬಿ ಗ್ರಾನೈಟಿನ ಕಂಬಗಳ ಸಾಲು, ಗಾಜಿನ ಚಾವಣಿ, ಮೇಲೆ ಕಲ್ಲಿನ ಹದ್ದುಗಳು. ಆಮೇಲೆ ಕಾರು ಬಂತು, ವಿಮಾನ ಬಂತು, ರೈಲ್ವೆ ಕಂಪನಿಗೆ ನಷ್ಟ ಶುರುವಾಯಿತು. ಮಾರುವುದಕ್ಕೆ ಏನಿದೆ ಅಂತ ನೋಡಿದರು. ಸ್ಟೇಷನ್ ಮೇಲೆ ಗಾಳಿ ಇತ್ತು. ಗಾಳಿಯನ್ನೇ ಮಾರಿದರು.

ಇದು ನನ್ನ ತಮಾಷೆ ಅಲ್ಲ. ಅಲ್ಲಿ ನೆಲದ ಹಕ್ಕು ಬೇರೆ, ನೆಲದ ಮೇಲಿನ ಗಾಳಿಯ ಹಕ್ಕು ಬೇರೆ. ಎರಡನ್ನೂ ಬೇರೆ ಬೇರೆ ಮಾರಬಹುದು.

"ಗಾಳಿಗೂ ಪಹಣಿ ಇದೆಯಾ?" ದೊಡ್ಡಪ್ಪ ಕೇಳಿದರು.

"ಇದೆ ಅಂತ ಇಟ್ಕೊಳ್ಳಿ."

"ಪೋಡಿ ಆಗಿದೆಯಾ?"

ಹುಡುಗ ನನ್ನ ಮುಖ ನೋಡಿದ. ಜಮೀನು ಅಳೆದು ಪಾಲು ಬೇರೆ ಮಾಡುವ ಪೋಡಿಯನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ದೊಡ್ಡಪ್ಪನ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು, ತೋಟ, ದೇವಸ್ಥಾನ ಎಲ್ಲ ನೀರಿಗೆ ಕೊಟ್ಟು ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಬಗರ್ ಹುಕುಂ ಅರ್ಜಿ ಹಾಕಿದವರು ಅರ್ಜಿಯನ್ನೇ ಆಸ್ತಿ ಅಂತ ಮಕ್ಕಳಿಗೆ ಬಿಟ್ಟು ಹೋಗಿದ್ದಾರೆ. ಇಲ್ಲಿ ಕಾಲಡಿಯ ಮಣ್ಣಿಗೆ ಕಾಗದ ಇಲ್ಲ. ಅಲ್ಲಿ ತಲೆ ಮೇಲಿನ ಗಾಳಿಗೆ ಕಾಗದ ಇದೆ, ಅದು ಮಾರಾಟವೂ ಆಗಿದೆ. ದೊಡ್ಡಪ್ಪನಿಗೆ ಹೊಟ್ಟೆಕಿಚ್ಚಾಯಿತು ಅಂತ ನನಗೆ ಅನುಮಾನ.

1963ರಲ್ಲಿ ಅರಮನೆ ಒಡೆಯಲು ಶುರು ಮಾಡಿದರು. ಕಂಬಗಳಲ್ಲಿ ಬಹುಪಾಲನ್ನು ಪಕ್ಕದ ನ್ಯೂಜೆರ್ಸಿಯ ಜೌಗು ನೆಲಕ್ಕೆ ಸುರಿದರು. ಮಾರಿದ ಗಾಳಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನುವ ದುಂಡನೆಯ ಕ್ರೀಡಾಂಗಣ ಎದ್ದಿತು. 1968ರಿಂದ ಮೇಲೆ ಬಾಸ್ಕೆಟ್‌ಬಾಲು, ಬಾಕ್ಸಿಂಗು. ಕೆಳಗೆ ತಗ್ಗು ಚಾವಣಿಯ ನೆಲಮಾಳಿಗೆಯಲ್ಲಿ ರೈಲು. ಕೊರೊನಾಕ್ಕೆ ಮುಂಚೆ ದಿನಕ್ಕೆ ಸುಮಾರು 6 ಲಕ್ಷ ಜನ ಆ ನೆಲಮಾಳಿಗೆಯಲ್ಲಿ ಓಡಾಡುತ್ತಿದ್ದರು. 2017ರಲ್ಲಿ ಒಮ್ಮೆ ಕಕ್ಕಸಿನ ನೀರೇ ಸ್ಟೇಷನ್ನಿನೊಳಕ್ಕೆ ಸುರಿಯಿತು. ನಮ್ಮ ಅಟ್ಟದಲ್ಲಿ ಸೋರಿದ್ದು ಮಳೆ ನೀರು. ಅಷ್ಟರಮಟ್ಟಿಗೆ ನಾವು ಮೇಲು.

ಈಗ ಗೋಪುರದ ಸಂಗತಿ. 2020ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಆಂಡ್ರ್ಯೂ ಕ್ಯುಮೊ ದೊಡ್ಡ ಯೋಜನೆ ಸಾರಿದರು. ಮುಂದಕ್ಕೆ ಅದು ಹೀಗೆ ಬೆಳೆಯಿತು: ಸ್ಟೇಷನ್ ಸುತ್ತ ಹತ್ತು ಗೋಪುರ, ಜಾಸ್ತಿ ಜಾಗವೆಲ್ಲ ಆಫೀಸಿಗೆ. ಗೋಪುರದವರು ಮಾಮೂಲಿ ತೆರಿಗೆ ಕಟ್ಟುವ ಬದಲು ಬೇರೆ ಹಣ ಕಟ್ಟುತ್ತಾರೆ, ಆ ಹಣದಲ್ಲಿ ಸ್ಟೇಷನ್ ರಿಪೇರಿ. ರಿಪೇರಿಗೆ ಸುಮಾರು 700 ಕೋಟಿ ಡಾಲರ್.

ದೊಡ್ಡಪ್ಪ ಕನ್ನಡಕ ಹಾಕಿಕೊಂಡರು.

"ಗೋಪುರ ಆಗ್ಲಿಲ್ಲ ಅಂದ್ರೆ?"

"ಹಣ ಬರಲ್ಲ."

"ಗೋಪುರ ಆಯ್ತು, ಬಾಡಿಗೆಗೆ ಯಾರೂ ಬರ್ಲಿಲ್ಲ ಅಂದ್ರೆ?"

"ಆಗ್ಲೂ ತೊಂದರೆನೇ."

"ಅಲ್ಲಿ ತನಕ ಸೋರ್ತಾ ಇರುತ್ತಾ?"

"ಹೌದು."

"ಹಂಗಾದ್ರೆ ಮಂಡಿ ಸಾಹುಕಾರರು ಬರೆಸ್ತಿದ್ದ ಲೆಕ್ಕನೇ ಇದು. ಮುಂದಿನ ವರ್ಷದ ಫಸಲಿನ ಮೇಲೆ ಈ ವರ್ಷ ಸಾಲ. ಅಡಿಕೆಗೆ ಕೊಳೆ ಬಂದ್ರೆ ಕಥೆ ಮುಗೀತು."

ಕೊಳೆ ಬಂದೇ ಬಂತು. ಯೋಜನೆ ಸಾರಿದ್ದು ಜನವರಿಯಲ್ಲಿ, ಮಾರ್ಚಿಗೆ ನ್ಯೂಯಾರ್ಕಿನ ಆಫೀಸು ಜನವೆಲ್ಲ ಮನೆ ಸೇರಿದರು. ಹಾಗೆ ಮನೆ ಸೇರಿದ ಕೆಲಸದಲ್ಲಿ ಒಂದು ತುಂಡು ತೇಲಿಕೊಂಡು ನಮ್ಮ ಅಟ್ಟಕ್ಕೂ ಬಂತು. ಯಾರು ಕೂರಲಿ ಅಂತ ಗೋಪುರದ ಕನಸು ಕಂಡರೋ ಅವರಲ್ಲೊಬ್ಬ ಲುಂಗಿ ಉಟ್ಟು, ಅಡಿಕೆ ಚೀಲಕ್ಕೆ ಕಾಲು ಚಾಚಿ, ನಡುರಾತ್ರಿ ಮೀಟಿಂಗ್ ಮಾಡುತ್ತಿದ್ದಾನೆ. ಕ್ಯಾಮೆರಾಕ್ಕೆ ಕಾಣುವಷ್ಟು ಮಾತ್ರ ಶರ್ಟು.

ಇಷ್ಟಾದರೂ 2022ರ ಜುಲೈಯಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸುಮಾರು 1 ಕೋಟಿ 80 ಲಕ್ಷ ಚದರ ಅಡಿ. ದೊಡ್ಡಪ್ಪ ಹಳೇ ಕ್ಯಾಲೆಂಡರಿನ ಹಿಂದೆ ಭಾಗಾಕಾರ ಮಾಡಿದರು. ಎಕರೆಗೆ 43,560 ಚದರ ಅಡಿ. "413 ಎಕರೆ!" ಅಂತ ಕೂಗಿದರು. ಒಳಗಿದ್ದ ಅತ್ತಿಗೆ ಯಾರದೋ ತೋಟ ಮಾರಾಟಕ್ಕೆ ಬಂತು ಅಂದುಕೊಂಡು ಹೊರಗೆ ಬಂದರು. ಅಲ್ಲ, ಗಾಳಿಯಲ್ಲಿ ಅಂತ ಹೇಳಿದೆವು. ಅವರು ಒಗ್ಗರಣೆ ಸೀದೀತು ಅಂತ ಒಳಗೆ ಹೋದರು.

ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಆಗುವ ಮುಂಚೆ ಆಗಿದೆ ಅಂತ ತೋರಿಸುವ ಕಂಪ್ಯೂಟರ್ ಚಿತ್ರ. ನೀವೂ ನೋಡಿರುತ್ತೀರಿ, ಈಗ ಯಾವ ಊರಿನ ಯಾವ ಯೋಜನೆಗೂ ಅದೇ ಚಿತ್ರ. ಗಾಜಿನ ಗೋಪುರ, ತುದಿಯಲ್ಲಿ ಸಂಜೆ ಬಿಸಿಲು, ಕೆಳಗೆ ಮರಗಳ ಸಾಲು, ಕೈಯಲ್ಲಿ ಕಾಫಿ ಲೋಟ ಹಿಡಿದು ತೆಳ್ಳಗೆ ನಡೆಯುವ ಜನ. ದೊಡ್ಡಪ್ಪ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಇವರು ಎಲ್ಲಿಗೆ ಹೊರಟಿದ್ದು?"

"ರೈಲಿಗೆ ಅಜ್ಜ."

"ಲಗೇಜ್ ಎಲ್ಲಿ?"

ನಾವೂ ಹುಡುಕಿದೆವು. ಒಬ್ಬರ ಕೈಯಲ್ಲೂ ಚೀಲ ಇಲ್ಲ. ಮಿಡಿ ಉಪ್ಪಿನಕಾಯಿ ಡಬ್ಬ ಇಲ್ಲ, ಹಲಸಿನ ಹಪ್ಪಳದ ಕಟ್ಟು ಇಲ್ಲ. ಅಳುವ ಮಗು ಇಲ್ಲ. ಛತ್ರಿ ಇಲ್ಲ. ಮಳೆಯೇ ಇಲ್ಲ. ಅಂಥ ಊರಿನಲ್ಲಿ ಚಾವಣಿ ಯಾಕೆ ಬೇಕು ಅಂತ ದೊಡ್ಡಪ್ಪ ಮೊಬೈಲ್ ವಾಪಸ್ ಕೊಟ್ಟರು.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಕೂರೋಕೆ ಬೆಂಚ್ ಎಲ್ಲಿದೆ?"

ಇದು ಬಹಳ ಒಳ್ಳೆಯ ಪ್ರಶ್ನೆ. ಯಾಕೆಂದರೆ ಪೆನ್ ಸ್ಟೇಷನ್ನಿನ ಎದುರಿನ ಹಳೇ ಅಂಚೆ ಕಟ್ಟಡದಲ್ಲಿ 2021ರ ಜನವರಿ 1ರಂದು ಮೊಯ್ನಿಹನ್ ಅನ್ನುವ ಹೊಸ ರೈಲ್ವೆ ಸಭಾಂಗಣ ತೆರೆದರು. ಖರ್ಚು 160 ಕೋಟಿ ಡಾಲರ್. ಎತ್ತರದ ಗಾಜಿನ ಚಾವಣಿ, ಬೆಳಕೋ ಬೆಳಕು. ತೆರೆದಾಗ ಅಷ್ಟು ದೊಡ್ಡ ಸಭಾಂಗಣದ ನಡುವೆ ಕೂರಲು ಒಂದು ಬೆಂಚಿರಲಿಲ್ಲ. ಟಿಕೆಟ್ ತೋರಿಸಿದವರಿಗೆ ಪಕ್ಕದಲ್ಲೊಂದು ಬೇರೆ ಜಾಗ. ಉಳಿದವರು ಚಾವಣಿ ನೋಡುತ್ತಾ ನಿಲ್ಲಬೇಕಿತ್ತು, ಇಲ್ಲವೇ ಗೋಡೆ ಬುಡದಲ್ಲಿ ನೆಲಕ್ಕೆ ಕೂರಬೇಕಿತ್ತು. ನಮ್ಮಲ್ಲಾದರೆ ಬೆಂಚಿಲ್ಲದ್ದಕ್ಕೆ ಅನುದಾನ ಬಂದಿಲ್ಲ ಅನ್ನುತ್ತಾರೆ. 160 ಕೋಟಿ ಡಾಲರ್ ಬಂದ ಮೇಲೂ ಬೆಂಚಿಲ್ಲ ಅಂದರೆ ಅದಕ್ಕೆ ಪ್ರತಿಭೆ ಬೇಕು.

ಗೋಪುರಗಳು ಏನಾದವು? ಕಟ್ಟಬೇಕಿದ್ದ ದೊಡ್ಡ ಕಂಪನಿಯೇ ಕಾಲ ಸರಿಯಿಲ್ಲ ಅಂತ ಹಿಂದೇಟು ಹಾಕಿತು. 2023ರ ಜೂನಿನಲ್ಲಿ ಆಗಿನ ಗವರ್ನರ್ ಕ್ಯಾಥಿ ಹೋಚುಲ್, ಗೋಪುರ ಬೇರೆ, ಸ್ಟೇಷನ್ ಬೇರೆ, ಸ್ಟೇಷನ್ ಕೆಲಸ ಮೊದಲು ಅಂದರು. ಇಷ್ಟು ಹೇಳಲು ಮೂರೂವರೆ ವರ್ಷ ಹಿಡಿಯಿತು. 2025ರಲ್ಲಿ ಕೇಂದ್ರ ಸರ್ಕಾರ ಕೆಲಸವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಈ ನಡುವೆ ಸ್ಟೇಷನ್ ಎದುರಿಗೇ 1919ರಿಂದ ಇದ್ದ ಪೆನ್ಸಿಲ್ವೇನಿಯಾ ಹೋಟೆಲನ್ನು ಮಾತ್ರ ತಪ್ಪದೆ ಒಡೆದು ಮುಗಿಸಿದರು. ಸುಮಾರು 2,200 ಕೋಣೆಗಳಿದ್ದ ಹೋಟೆಲು. ಒಡೆಯುವ ಕೆಲಸಕ್ಕೆ ಕಾಲ ಯಾವತ್ತೂ ಸರಿಯಾಗಿಯೇ ಇರುತ್ತದೆ, ಅಲ್ವಾ?

ಅವತ್ತು ರಾತ್ರಿ ದೊಡ್ಡಪ್ಪ ನಮ್ಮ ಕಡೆಗೂ ಒಂದು ಯೋಜನೆ ಹಾಕಿದರು. ರೈಲ್ವೆ ಸ್ಟೇಷನ್‌ಗಳನ್ನು ಸುಧಾರಿಸುವ ಕೇಂದ್ರದ ಅಮೃತ್ ಭಾರತ್ ಯೋಜನೆಯ ಪಟ್ಟಿಯಲ್ಲಿ ಶಿವಮೊಗ್ಗ ಟೌನ್, ಸಾಗರ ಜಂಬಗಾರು, ತಾಳಗುಪ್ಪ ಮೂರೂ ಸ್ಟೇಷನ್ ಇವೆ. ಆದರೆ ಅದರಲ್ಲಿ ಗೋಪುರ ಇಲ್ಲ. ಅದು ದೊಡ್ಡ ಕೊರತೆ ಅಂತ ಅವರ ಅಭಿಪ್ರಾಯ. ಜಾಗ ತಾಳಗುಪ್ಪ. ಹಳಿ ಮುಗಿಯುವುದೇ ಅಲ್ಲಿ, ಮುಂದೆ ಹೋಗಲು ದಾರಿ ಇಲ್ಲದಿದ್ದರೆ ಮೇಲೆ ಹೋಗಬೇಕು. ಹತ್ತು ಬೇಡ, ನಾಲ್ಕು ಸಾಕು. ರಾಜ, ರಾಣಿ, ರೋರರ್, ರಾಕೆಟ್. ಎತ್ತರ ಜೋಗದಷ್ಟೇ, 830 ಅಡಿ. ಒಂದಡಿ ಜಾಸ್ತಿ ಮಾಡಿದರೆ ಜೋಗಕ್ಕೆ ಅವಮಾನ. ಬಾಡಿಗೆದಾರರು ಜಲಪಾತದ ಹಾಗೆ ಮಳೆಗಾಲದಲ್ಲಿ ಮಾತ್ರ ಬರುತ್ತಾರೆ, ಬೇಸಿಗೆಯಲ್ಲಿ ಬರೀ ಬಂಡೆ ತೋರಿಸುವುದು. ತುದಿಯ ತಾರಸಿಯಲ್ಲಿ ಅಡಿಕೆ ಒಣಗಿಸಬಹುದು, ಸೂರ್ಯ ಹತ್ತಿರ. ಮಂಗ ಅಷ್ಟು ಎತ್ತರಕ್ಕೆ ಹಾರುವುದಿಲ್ಲ.

"ಮಂಗ ಲಿಫ್ಟಿನಲ್ಲಿ ಬರುತ್ತೆ," ಅಂದ ಹುಡುಗ.

ಆ ನಾಲ್ಕು ಗೋಪುರದಿಂದ ಬರುವ ಹಣದಲ್ಲಿ ಪ್ಲಾಟ್‌ಫಾರಂಗೆ ಎರಡು ಬೆಂಚು, ಒಂದು ತಗಡಿನ ಮಾಡು, ನಲ್ಲಿಗೆ ಒಂದು ವಾಷರ್. ಲೆಕ್ಕ ಸರಿಯಾಗಿದೆ, ಬೇಕಾದರೆ ಕ್ಯಾಲೆಂಡರ್ ತೋರಿಸುತ್ತೇನೆ.

ನಾನು ಅರಸಾಳಿನ ಮಾತು ತೆಗೆದೆ. ಅಲ್ಲಿ ಹಳೇ ಸ್ಟೇಷನ್ ಕಟ್ಟಡವನ್ನು ಒಡೆಯಲಿಲ್ಲ. ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು, ಹಳೇ ರೈಲು ಡಬ್ಬಿಯಲ್ಲಿ ಟೀ ಅಂಗಡಿ. ದೊಡ್ಡಪ್ಪ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಅದು ನೋಡೋಕೆ ಬರೋರಿಗೆ. ನಾನು ಕೇಳ್ತಿರೋದು ಕಾಯೋರ ಬಗ್ಗೆ." ಮೀಟರ್‌ಗೇಜ್ ಕಾಲದಲ್ಲಿ ಶಿವಮೊಗ್ಗ ತಾಳಗುಪ್ಪ ನಡುವೆ ಓಡುತ್ತಿದ್ದ ರೈಲ್ ಬಸ್ಸನ್ನು ಅವರು ಇನ್ನೂ ಮರೆತಿಲ್ಲ. ಕಾಯುವುದರಲ್ಲಿ ಅವರಿಗೆ ಅನುಭವ ಇದೆ. ಈಗಲೂ ಬೀರೂರಿನ ತನಕ ಒಂಟಿ ಹಳಿ. ಕ್ರಾಸಿಂಗ್ ಇದೆ ಅಂತ ರೈಲು ಯಾವುದೋ ಹಳ್ಳಿಯ ಮುಂದೆ ನಿಂತರೆ ನಿಂತಿತು. ಎದುರಿನ ರೈಲು ಬಂದು ಹೋಗುವ ತನಕ ಕಿಟಕಿಯಾಚೆಯ ತೋಟದಲ್ಲಿ ಯಾವ ಮರಕ್ಕೆ ಎಷ್ಟು ಗೊನೆ ಅಂತ ಎಣಿಸಬಹುದು.

ಸೋಮವಾರ ಅವರಿಗೆ ಕಣ್ಣಿನ ಡಾಕ್ಟರ ಹತ್ತಿರ ಶಿವಮೊಗ್ಗಕ್ಕೆ ಹೋಗುವುದಿತ್ತು. ನಮ್ಮ ಕಡೆಯ ಒಂದು ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಹೆಸರು ಬೇಡ, ಮುಂದೆಯೂ ಅಲ್ಲೇ ಹತ್ತಬೇಕು. ದೊಡ್ಡಪ್ಪ ಎಡಗೈಯಲ್ಲಿ ಛತ್ರಿ, ಬಲಗೈಯಲ್ಲಿ ಒಂದು ಮಡಚುವ ಕುರ್ಚಿ ಹಿಡಿದು ಬಂದರು. ಮನೆಯಲ್ಲಿ ಯಾರದೋ ಮದುವೆಗೆ ತಂದದ್ದು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಮಾಡಿನ ನೀರು ಸಣ್ಣಗೆ ಧಾರೆಯಾಗಿ ಬೀಳುತ್ತಿತ್ತು. ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ದೊಡ್ಡಪ್ಪ ಒಣ ಜಾಗ ನೋಡಿ ಕುರ್ಚಿ ಬಿಡಿಸಿ, ಪಂಚೆ ಸರಿಮಾಡಿಕೊಂಡು ಕೂತರು. ರೈಲು ಲೇಟು ಅಂತ ಮೈಕಿನಲ್ಲಿ ಹೇಳಿದರು. ಎಷ್ಟು ಅನ್ನುವುದು ಮಳೆ ಸದ್ದಿನಲ್ಲಿ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕೈಚೀಲ ಹಿಡಿದ ಒಬ್ಬ ವಯಸ್ಸಾದ ಹೆಂಗಸು ಬಂದು ಪಕ್ಕದಲ್ಲಿ ನಿಂತರು. ಮಂಡಿ ನೀವಿಕೊಂಡು ಕುರ್ಚಿಯನ್ನೇ ನೋಡಿದರು. ದೊಡ್ಡಪ್ಪ ಎದ್ದರು.

"ಕೂತ್ಕೊಳ್ಳಿ ಅಕ್ಕ. ಕುರ್ಚಿ ನಿಮ್ದೇ ಅಂತ ಇಟ್ಕೊಳ್ಳಿ. ಅದರ ಮೇಲಿನ ಗಾಳಿ ಮಾತ್ರ ನಂದು, ನಾನು ಮಾರಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಕೂತರು.